ಬಂಡೆಸಾಬನಿಗೆ ಕೇಳಿಸಿದ್ದು

ನಿಕೋಬಾರ್
2 ಜೂನ್ 2024

ಅಬ್ಬಾ ಅವರಿಗೆ ನಾಹಿದಾಳ ಸಲಾಂ.

ಈ ಕಾಗದ ಸಿಂಧನೂರಿಗೆ ಯಾವಾಗ ತಲುಪುತ್ತದೋ ಗೊತ್ತಿಲ್ಲ. ಹದಿನೈದು ದಿನಕ್ಕೊಮ್ಮೆ ಬರಬೇಕಾದ ಹಡಗು ತಿಂಗಳಾದರೂ ಬಂದಿಲ್ಲ. ಇಲ್ಲಿನ ಟವರಿಗೆ ದಿನಕ್ಕೆ ಒಂದು ಗಂಟೆ ಜೀವ ಬರುತ್ತದೆ, ಆ ಗಂಟೆಯಲ್ಲಿ ಅಮ್ಮಿಯ ಜೊತೆ ಮಾತಾಡುತ್ತೇನೆ. ನಿಮಗೆ ಫೋನು ಕೇಳಿಸುವುದಿಲ್ಲ. ತಮ್ಮ ಜಾಹೀದನ ಫೋನಿಗೆ ಬರೆದು ಕಳಿಸೋಣವೆಂದರೆ ಅವನ ಟ್ರಾಕ್ಟರ್ ರಿಪೇರಿ ಅಂಗಡಿಗೆ ಬಂದವರೆಲ್ಲ ಓದಿ ಅವನನ್ನು ಕಂಡು ನಗುತ್ತಾರೆ, ಅವನು ನನ್ನ ಮೇಲೆ ಸಿಟ್ಟಾಗುತ್ತಾನೆ. ಅದಕ್ಕೇ ಕಾಗದ. ಬರೆಯುವ ವಿಷಯವೂ ನಾಲ್ಕು ಜನ ಓದುವಂಥದ್ದಲ್ಲ.

ನಾನಿಲ್ಲಿ ಮಾಡುವ ಕೆಲಸವನ್ನು ನಿಮಗೆ ಎಂದೂ ಸರಿಯಾಗಿ ಹೇಳಲಿಲ್ಲ. ನೀವೂ ಕೇಳಲಿಲ್ಲ. ಈ ದ್ವೀಪದ ಪಶ್ಚಿಮಕ್ಕೆ ಸಮುದ್ರದ ತಳದಲ್ಲಿ ಭೂಮಿಯ ಒಂದು ದೊಡ್ಡ ಹಲಗೆ ಇನ್ನೊಂದರ ಅಡಿಗೆ ತೂರಿಕೊಂಡು ಹೋಗುತ್ತದೆ. ಹಾಗೆ ಅಡಿಗೆ ಹೋಗುವ ಹಲಗೆ ಯಾವುದು ಗೊತ್ತೇ? ನಮ್ಮದೇ. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲವೂ ಕೂತಿರುವ ಹಲಗೆಯ ತುದಿ ಇಲ್ಲಿ ಬಂದು ಮುಳುಗುತ್ತದೆ. ಎರಡರ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಕಚ್ಚು ಒಮ್ಮೆಲೇ ಬಿಟ್ಟರೆ ಇಪ್ಪತ್ತು ವರ್ಷದ ಹಿಂದೆ ಸುನಾಮಿ ತಂದಂಥ ಭೂಕಂಪ. ಆದರೆ ಕೆಲವೊಮ್ಮೆ ಅದು ಒಮ್ಮೆಲೇ ಬಿಡುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಒಂದಿಷ್ಟಿಷ್ಟೇ ಜಾರುತ್ತದೆ. ಮೇಲಿದ್ದವರಿಗೆ ಏನೂ ತಿಳಿಯುವುದಿಲ್ಲ. ಗುಡ್ಡದ ಮೇಲೆ ಒಂದು ಸಿಮೆಂಟಿನ ಕಂಬ ನೆಟ್ಟಿದ್ದೇವೆ. ಅದರ ನೆತ್ತಿಯ ಜಿಪಿಎಸ್, ನೆಲ ಒಂದು ಅಕ್ಕಿಕಾಳಿನಷ್ಟು ಸರಿದರೂ ಹೇಳುತ್ತದೆ. ಅದನ್ನು ಕಾಯುವುದು ನನ್ನ ಕೆಲಸ. ಒಂದು ವರ್ಷಕ್ಕೆಂದು ಬಂದವಳು, ಬದಲಿ ಜನ ಬಾರದೆ ಎರಡು ವರ್ಷವಾಗುತ್ತ ಬಂತು.

ಏಪ್ರಿಲ್‌ನಲ್ಲಿ ನಡೆದದ್ದನ್ನು ಅಮ್ಮಿಗೂ ಹೇಳಿಲ್ಲ. ಎರಡು ದಿನದಲ್ಲಿ ನೂರಕ್ಕೂ ಹೆಚ್ಚು ಸಣ್ಣ ಕಂಪನಗಳಾದವು. ನನಗೆ ಭಯವಾಯಿತು. ಸಂಜೆ ಮಳೆಯಲ್ಲೇ ಓಡಿಹೋಗಿ ಕೆಳಗಿನ ಊರಿನವರಿಗೆಲ್ಲ ಈಗಿಂದೀಗ ಗುಡ್ಡ ಹತ್ತಿ ಎಂದೆ. ಹತ್ತಿದರು. ನಾಲ್ಕು ದಿನ ಟಾರ್ಪಾಲಿನ ಕೆಳಗೆ ಕೂತರು. ಏನೂ ಆಗಲಿಲ್ಲ. ಆದರೆ ಹತ್ತುವ ಗಡಿಬಿಡಿಯಲ್ಲಿ ಸತ್ತೆಮ್ಮ ಎಂಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡಳು. ಹಡಗು ಬರುವವರೆಗೆ ಒಂಬತ್ತು ದಿನ ಹಾಗೇ ಮಲಗಿದ್ದಳು. ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ, ಏಳಲಾರಳು. ಕಂಬಕ್ಕೆ ಹೋಗುವ ದಾರಿ ಅವಳ ಮನೆಯ ಮುಂದೆಯೇ. ದಿನಾ ಎರಡು ಸಲ ಅವಳ ಕಿಟಕಿ ದಾಟುತ್ತೇನೆ.

ಜನರ ಜೊತೆ ಇನ್ನು ಮುಂದೆ ಈ ವಿಷಯ ಮಾತಾಡಕೂಡದೆಂದು ಮೇಲಿನಿಂದ ಆದೇಶ ಬಂದಿದೆ. ತಪ್ಪೆನ್ನಲಾರೆ. ಊರಿನವರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ. ದ್ವೀಪದ ಉದ್ದ ಹೆಚ್ಚೆಂದರೆ ಮಸ್ಕಿಯಿಂದ ಲಿಂಗಸುಗೂರಿಗೆ ಇರುವಷ್ಟು, ಹೋಗಲು ಬೇರೆ ಜಾಗವಿಲ್ಲ.

ನಿಮ್ಮ ಮಗಳು
ನಾಹಿದಾ


ಸಿಂಧನೂರು
30 ಜೂನ್ 2024

ಬೇಟಿ ನಾಹಿದಾಳಿಗೆ ಅಪ್ಪ ಬಂದೇಸಾಬನ ದುವಾ.

ನಿನ್ನ ಕಾಗದ ಮುಟ್ಟಿತು. ಒದ್ದೆಯಾಗಿ ಒಣಗಿದ ಕಾಗದ, ಕೆಲವು ಅಕ್ಷರ ಹರಡಿದ್ದವು, ಆದರೂ ಓದಿದೆ. ನಾವೆಲ್ಲ ಆರಾಮ. ಜಾಹೀದನ ಅಂಗಡಿಯಲ್ಲಿ ಈಗ ಕೆಲಸ ಬಹಳ. ಕೆನಾಲಿಗೆ ನೀರು ಬಿಡುವ ಮೊದಲು ಜವಳಗೇರಾ, ಬಳಗಾನೂರು ಕಡೆಯ ಟ್ರಾಕ್ಟರುಗಳೆಲ್ಲ ಒಮ್ಮೆಲೇ ಕೆಡುತ್ತವೆ. ನಿನ್ನ ತಾಯಿಯ ಮೊಣಕಾಲು ಹಾಗೇ ಇದೆ. ನಿನಗೆ ಖಾರದ ಪುಡಿ ಕಳಿಸಬೇಕೆಂದು ಡಬ್ಬಿ ಕಟ್ಟಿದಳು. ಹಡಗಿನಲ್ಲಿ ಇರುವೆ ಹತ್ತುತ್ತವೆ ಎಂದೆ. ಇರುವೆ ಖಾರ ತಿನ್ನುತ್ತವೆಯೇ ಎಂದು ನನ್ನನ್ನೇ ಕೇಳಿದಳು.

ನೀನು ಬರೆದ ವಿಷಯಕ್ಕೆ ನಾನು ಏನು ಹೇಳಲಿ. ನಾನು ಓದಿದ್ದು ಏಳನೆಯ ಇಯತ್ತೆ. ಆದರೆ ಮೇಲಿನವರು ಸುಮ್ಮನಿರು ಎಂದಿದ್ದರೆ ಸುಮ್ಮನಿರುವುದು ಲೇಸು. ಒಮ್ಮೆ ಹೇಳಿ ಸುಳ್ಳಾದವರ ಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ. ಜನ ಬೈದರೆ ತಡೆದುಕೊಳ್ಳಬಹುದು. ನಗುತ್ತಾರಲ್ಲ, ಅದು ಕಷ್ಟ. ನೀನು ನಿನ್ನ ಕೆಲಸ ಮುಗಿಸಿ ಬಂದುಬಿಡು.

ಒಂದು ಕೇಳಬೇಕೆನಿಸಿತು. ನೆಲ ಹಾಗೆ ಮೆಲ್ಲಗೆ ಜಾರುವಾಗ ಸದ್ದು ಆಗುತ್ತದೆಯೇ? ಯಾರಿಗಾದರೂ ಕೇಳಿಸುತ್ತದೆಯೇ? ಸುಮ್ಮನೆ ಕೇಳಿದೆ. ಬರೆಯಲು ಮರೆತರೂ ನಡೆಯುತ್ತದೆ.

ನಿನ್ನ ಅಪ್ಪ
ಬಂದೇಸಾಬ


ನಿಕೋಬಾರ್
27 ಜುಲೈ 2024

ಅಬ್ಬಾ ಅವರಿಗೆ ಸಲಾಂ.

ಸದ್ದು ಆಗುವುದಿಲ್ಲ ಅಬ್ಬಾ. ನೆಲದಾಳದಲ್ಲಿ ಬಹಳ ಸಣ್ಣ ನಡುಕವೊಂದು ಕೆಲವೆಡೆ ಇರುತ್ತದೆ, ಅದು ಯಂತ್ರಕ್ಕೆ ಮಾತ್ರ ತಿಳಿಯುವಂಥದ್ದು, ಮನುಷ್ಯರ ಕಿವಿಗಲ್ಲ. ಅದೇ ಇದರ ತೊಂದರೆ. ಸದ್ದಿದ್ದರೆ ನಾನೊಬ್ಬಳೇ ಕೇಳಿಸಿಕೊಂಡು ಕೂರಬೇಕಾಗಿರಲಿಲ್ಲ.

ನೀವು ಕೇಳಿದ್ದು ಒಳ್ಳೆಯದೇ ಆಯಿತು. ಏಕೆಂದರೆ ಅದು ಶುರುವಾಗಿದೆ. ಹಲಗೆಗಳು ಕಚ್ಚಿಕೊಂಡಿದ್ದಾಗ ನಮ್ಮ ಹಲಗೆ ಈ ದ್ವೀಪವನ್ನೂ ತನ್ನ ಜೊತೆ ಈಶಾನ್ಯಕ್ಕೆ ತಳ್ಳುತ್ತಿರುತ್ತದೆ. ಜೂನ್ ನಡುವಿನಿಂದ ನನ್ನ ಕಂಬ ಹಿಂದಕ್ಕೆ, ಆಳ ಸಮುದ್ರದ ಕಡೆಗೆ ತಿರುಗಿದೆ. ಇಲ್ಲಿಯವರೆಗೆ ಹನ್ನೊಂದು ಮಿಲಿಮೀಟರ್. ನಿಮ್ಮ ಕಿರುಬೆರಳಿನ ಅಗಲವೂ ಇಲ್ಲ. ಊರಿಡೀ ಅಷ್ಟು ಸರಿದಿದೆ, ಒಲೆಯ ಮೇಲಿನ ಗಂಜಿ ಚೆಲ್ಲಿಲ್ಲ.

ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಹೇಳಲಾರರು. ಹೆಚ್ಚಿನ ಸಲ ಹೀಗೆ ಜಾರಿ ತಾನಾಗಿ ನಿಲ್ಲುತ್ತದೆ. ಆದರೆ ಇಲ್ಲಿ ಸಡಿಲವಾದ ಭಾರ ಪಕ್ಕದ ಕಚ್ಚಿನ ಮೇಲೆ ಬೀಳುತ್ತದೆ, ಆ ಕಚ್ಚು ಎಷ್ಟು ತಡೆಯುತ್ತದೋ ಗೊತ್ತಿಲ್ಲ. ನಮ್ಮ ದಕ್ಷಿಣಕ್ಕೆ, ಸುಮಾತ್ರಾದ ಕಡೆಯ ಒಂದು ದ್ವೀಪದಲ್ಲಿ ಮೂವತ್ತೆರಡು ವರ್ಷ ಹೀಗೆ ಜಾರಿತ್ತಂತೆ. ಹವಳದ ಬಂಡೆಗಳು ಎಷ್ಟೆತ್ತರಕ್ಕೆ ಬೆಳೆದಿದ್ದವು ಎಂಬುದನ್ನು ಅಳೆದು ಅದನ್ನು ಕಂಡುಹಿಡಿದರು. ಮೂವತ್ತೆರಡನೆಯ ವರ್ಷಕ್ಕೆ, 1861ರಲ್ಲಿ, ದೊಡ್ಡ ಭೂಕಂಪವಾಯಿತು. ಮೂವತ್ತೆರಡು ವರ್ಷ, ಅಬ್ಬಾ. ಅಷ್ಟರಲ್ಲಿ ಅಲ್ಲಿ ಹುಟ್ಟಿದವರು ಮದುವೆಯಾಗಿ ಮಕ್ಕಳನ್ನು ಹೆತ್ತಿರಬೇಕು, ಕಾಲ ಕೆಳಗೆ ಏನು ನಡೆದಿದೆ ಎಂದು ತಿಳಿಯದೆ.

ಮೇಲಿನವರಿಗೆ ದಿನಾ ಅಂಕಿ ಕಳಿಸುತ್ತೇನೆ. ‘ಗಮನಿಸುತ್ತಿರಿ’ ಎಂದು ಉತ್ತರ ಬರುತ್ತದೆ. ನೀವೂ ಸುಮ್ಮನಿರು ಎಂದಿರಿ. ಸುಮ್ಮನಿದ್ದೇನೆ. ಬೆಳಗ್ಗೆ ಕೆಳಗಿನ ಅಂಗಡಿಗೆ ಹೋಗಿ ಬೇಳೆ ತರುತ್ತೇನೆ. ಶಾಲೆಯ ಮಕ್ಕಳು ದಂಡೆಯಲ್ಲಿ ಓಡುತ್ತಿರುತ್ತಾರೆ. ಸತ್ತೆಮ್ಮ ಕಿಟಕಿಯಿಂದ ನೋಡುತ್ತಾಳೆ. ಎದೆಯ ಮೇಲೆ ಯಾರೋ ಕೂತಿರುವ ಹಾಗೆ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ನಿನ್ನೆ ಜೆಟ್ಟಿಯಲ್ಲಿ ಹಡಗು ನಿಂತಿತ್ತು. ಹತ್ತಿಬಿಡಲೇ ಎನಿಸಿ ಬ್ಯಾಗು ತುಂಬಿದೆ, ಮತ್ತೆ ಬಿಚ್ಚಿದೆ. ನಾನು ಹೋದರೆ ಕಂಬದ ಮಾತು ತಿಳಿಯುವವರು ಇಲ್ಲಿ ಒಬ್ಬರೂ ಉಳಿಯುವುದಿಲ್ಲ.

ನಿಮ್ಮನ್ನು ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಮಸ್ಕಿ ಆಚೆಯ ಆ ಗಣಿ ಕುಸಿದು ನೀವು ಇಪ್ಪತ್ತಾರು ತಾಸು ಒಳಗೆ ಸಿಕ್ಕಿಕೊಂಡಾಗ ನನಗೆ ಹತ್ತು ವರ್ಷ. ನಿಮ್ಮ ಜೊತೆಗಿದ್ದ ಯಂಕೋಬ ಕಾಕಾ ಬರಲಿಲ್ಲ. ನಿಮ್ಮ ಕಿವಿ ಹೋಯಿತು. ಅಮ್ಮಿ ಆ ಮಾತು ತೆಗೆದರೆ ನೀವು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತೀರಿ. ಆ ಇಪ್ಪತ್ತಾರು ತಾಸು ಏನು ಮಾಡಿದಿರಿ? ಉಸಿರು ಹೇಗೆ ಹಿಡಿದಿರಿ? ನನಗೆ ಅದು ಈಗ ಬೇಕಾಗಿದೆ.

ನಾಹಿದಾ


ಸಿಂಧನೂರು
25 ಆಗಸ್ಟ್ 2024

ಬೇಟಿ ನಾಹಿದಾಳಿಗೆ,

ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲಾಗುವುದಿಲ್ಲ. ನಿನ್ನ ತಾಯಿಗೆ ಅಕ್ಷರ ಬರುವುದಿಲ್ಲ, ಆದರೆ ನನ್ನ ಮುಖ ಓದುತ್ತಾಳೆ. ಡ್ಯಾಮಿನ ಗೇಟು ಕಿತ್ತುಹೋಗಿ ನೀರೆಲ್ಲ ಹೊಳೆಗೆ ಹೋಗುತ್ತದೆಂದು ಊರೇ ಎಂಟು ದಿನ ಅನ್ನ ಸೇರದೆ ಕೂತಿತ್ತು. ಈಗ ಸರಿಯಾಗಿದೆ. ಜನ ಮತ್ತೆ ಗದ್ದೆಗೆ ಇಳಿದಿದ್ದಾರೆ. ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೂರು ಸಲ ಬರೆದು ಹರಿದೆ.

ನಾನು ನಿನಗೆ ಸುಮ್ಮನಿರು ಎಂದು ಬರೆಯಬಾರದಿತ್ತು. ಯಾಕೆಂದು ಹೇಳುತ್ತೇನೆ. ಇದನ್ನು ನಿನ್ನ ತಾಯಿಗೂ ಹೇಳಿಲ್ಲ.

ಆ ಗಣಿ ಸಣ್ಣದು. ಮುಚ್ಚಿ ಈಗ ಹದಿನೆಂಟು ವರ್ಷ. ನಾವು ಪಾಳಿಗೆ ಹದಿನಾಲ್ಕು ಜನ ಇಳಿಯುತ್ತಿದ್ದೆವು. ಆಗ ನನ್ನ ಕಿವಿ ಬಹಳ ಚುರುಕು. ಕಲ್ಲು ಬೀಳುವ ಮೊದಲು ಮಾತಾಡುತ್ತದೆ ಬೇಟಿ. ಒಣ ಕಟ್ಟಿಗೆ ಮುರಿದ ಹಾಗೆ, ಬಹಳ ದೂರದಲ್ಲಿ ಯಾರೋ ಹಲ್ಲು ಕಡಿದ ಹಾಗೆ. ಮೊದಲ ಸಲ ಕೇಳಿಸಿದಾಗ ನಾನು ಮೇಸ್ತ್ರಿಗೆ ಹೇಳಿದೆ. ಎಲ್ಲರನ್ನೂ ಮೇಲೆ ಕಳಿಸಿದರು, ಪಾಳಿ ಹಾಳಾಯಿತು, ಏನೂ ಬೀಳಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಕೇಳಿಸಿತು, ಮತ್ತೆ ಹೇಳಿದೆ, ಮತ್ತೆ ಏನೂ ಬೀಳಲಿಲ್ಲ. ಮೇಸ್ತ್ರಿ ಬೈಯಲಿಲ್ಲ. ಯಂಕೋಬ ನನಗೊಂದು ಹೆಸರಿಟ್ಟ. ಬಂದೇಸಾಬ ಹೋಗಿ, ಬಂಡೆಯ ಮಾತು ಕೇಳುವ ಬಂಡೆಸಾಬ ಆದೆ.

“ಏ ಬಂಡೆಸಾಬ, ಇವತ್ತೇನಂತೈತಪ್ಪ ನಿನ್ನ ಬಂಡಿ? ಉಂಡೈತೋ ಇಲ್ಲೋ ಕೇಳಿದೇನು?” ಎಂದು ದಿನಾ ಕೇಳುವನು. ಉಳಿದವರೆಲ್ಲ ನಗುವರು. ಅವನು ಕೆಟ್ಟವನಲ್ಲ. ನನ್ನ ಜೀವದ ಗೆಳೆಯ. ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದೆವು. ಅವನ ಹೆಂಡತಿ ನಾಗವೇಣಿ ರೊಟ್ಟಿ ಕಟ್ಟುವಾಗ ನನ್ನದೂ ಸೇರಿಸಿಯೇ ಕಟ್ಟುತ್ತಿದ್ದಳು. ಮಸ್ಕಿಯ ಚಹದಂಗಡಿಯವನೂ ನನ್ನನ್ನು ಬಂಡೆಸಾಬ ಎಂದು ಕರೆದ ದಿನ ಮಾತ್ರ ನಾನು ಮನೆಗೆ ಬಂದು ನಿನ್ನ ಮೇಲೆ ಸುಮ್ಮನೆ ಕೈ ಎತ್ತಿದೆ. ನಿನಗೆ ನೆನಪಿಲ್ಲದಿದ್ದರೆ ಒಳ್ಳೆಯದು.

ಮೂರನೆಯ ಸಲ ಮಾರ್ಚ್ ತಿಂಗಳು. ಬೆಳಗಿನ ಪಾಳಿ. ಒಳಗೆ ಕಾಲಿಟ್ಟ ಕೂಡಲೇ ಕೇಳಿಸಿತು. ಮೊದಲಿನಷ್ಟು ಜೋರಾಗಿಯೂ ಇರಲಿಲ್ಲ. ಬಾಯಿ ತೆರೆದೆ. ಯಂಕೋಬ ನನ್ನ ಕಡೆಗೇ ನೋಡುತ್ತಿದ್ದ. ಈಗ ನಗುತ್ತಾನೆ ಎಂದುಕೊಂಡೆ. ಬಾಯಿ ಮುಚ್ಚಿದೆ. ಸಲಕರಣೆ ತೆಗೆದುಕೊಂಡು ಕೆಲಸಕ್ಕೆ ಹತ್ತಿದೆ.

ಒಂದು ತಾಸಿನ ಮೇಲೆ ಚಾವಣಿ ಕುಸಿದು ಬಂತು. ಉಳಿದ ಹನ್ನೆರಡು ಜನ ಆಚೆ ಇದ್ದರು, ಬದುಕಿದರು. ಈಚೆ ನಾವಿಬ್ಬರೇ. ನನ್ನ ಸುತ್ತ ಒಂದು ಗೋರಿಯಷ್ಟು ಜಾಗ ಉಳಿದಿತ್ತು. ಯಂಕೋಬನ ಸೊಂಟದ ಕೆಳಗೆ ಕಲ್ಲು. ಅವನ ಕೈ ನನಗೆ ಎಟಕುತ್ತಿತ್ತು. ಎಡಗಿವಿ ಆಗಲೇ ಹೋಗಿತ್ತು, ಬಲಗಿವಿ ಅವನ ಬಾಯಿಯ ಹತ್ತಿರ ಇಟ್ಟು ಕೇಳುತ್ತಿದ್ದೆ. ನೀರು ಕೇಳಿದ, ಇರಲಿಲ್ಲ. ನಾಗವೇಣಿಯ ಹೆಸರು ಹೇಳಿದ. ಆಮೇಲೆ ಕೇಳಿದ:

“ಬಂದೇಸಾಬ, ಮುಂಜಾನಿ ಒಳಗ ಬರಾಗ ನಿನಗೇನರ ಕೇಳಿಸಿತೇನು?”

ಬಂಡೆಸಾಬ ಎನ್ನಲಿಲ್ಲ. ನನ್ನ ಹೆಸರು ಹಿಡಿದು ಕೇಳಿದ.

“ಇಲ್ಲೋ ಯಂಕೋಬ. ಏನೂ ಕೇಳಿಸಲಿಲ್ಲ,” ಎಂದೆ.

“ಹಂಗಾರ ಸರಿ ಬಿಡು,” ಎಂದ. ಮತ್ತೆ ಮಾತಾಡಲಿಲ್ಲ. ಕೈ ಬಿಸಿ ಇದ್ದದ್ದು ಒಂದಿಷ್ಟು ಹೊತ್ತಿನ ಮೇಲೆ ಆರಿತು. ಅದನ್ನು ಹಿಡಿದೇ ಉಳಿದ ತಾಸು ಕಳೆದೆ. ಉಸಿರು ಹೇಗೆ ಹಿಡಿದಿರಿ ಎಂದು ಕೇಳಿದ್ದೀ. ಹಿಡಿಯಲಿಲ್ಲ, ಅದು ತಾನೇ ಬಂದು ಹೋಗುತ್ತಿತ್ತು. ನನ್ನನ್ನು ಹೊರಗೆ ತೆಗೆದರು. ಆದರೆ ಆ ‘ಇಲ್ಲ’ ಎಂಬ ಮಾತಿನೊಳಗೆ ನಾನು ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ, ಅಲ್ಲಿಂದ ಯಾರೂ ತೆಗೆಯಲು ಬರಲಿಲ್ಲ.

ಜನರಿಗೆ ಹೇಳು ಎಂದಾಗಲಿ ಬಿಡು ಎಂದಾಗಲಿ ನಾನು ನಿನಗೆ ಹೇಳಲಾರೆ. ಸತ್ತೆಮ್ಮನ ಸೊಂಟದ ಭಾರ ನಿನ್ನದು, ನನ್ನ ಮಾತಿನಿಂದ ಅದು ಹಗುರಾಗುವುದಿಲ್ಲ. ಎರಡೂ ಭಾರ ನೋಡಿದವನು ಎಂದು ಇಷ್ಟು ಬರೆದೆ. ಹೇಳಿ ಸುಳ್ಳಾದ ಎರಡು ದಿನಗಳನ್ನು ನಾನು ಮರೆತಿದ್ದೆ, ನಿನಗೆ ಬರೆಯುವಾಗ ನೆನಪು ಮಾಡಿಕೊಳ್ಳಬೇಕಾಯಿತು. ಸುಮ್ಮನಿದ್ದ ಒಂದು ದಿನವನ್ನು ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ.

ನಿನ್ನ ಅಪ್ಪ


ನಿಕೋಬಾರ್
20 ಅಕ್ಟೋಬರ್ 2024

ಅಬ್ಬಾ ಅವರಿಗೆ ಸಲಾಂ.

ನಿಮ್ಮ ಕಾಗದ ಸೆಪ್ಟೆಂಬರ್ ಹನ್ನೆರಡರ ಹಡಗಿಗೆ ಬಂತು. ಅದಕ್ಕೆ ಉತ್ತರ ಬರೆಯಲು ನನ್ನಿಂದಾಗಲಿಲ್ಲ. ಅಂದು ಮಾಡಿದ್ದನ್ನು ಬರೆಯುತ್ತೇನೆ.

ಕಾಗದ ಓದಿ ಮಡಿಸಿಟ್ಟೆ. ಆಗ ಕಂಬ ಹತ್ತೊಂಬತ್ತು ಮಿಲಿಮೀಟರ್ ಸರಿದಿತ್ತು. ಟವರು ಬಂದಾಗ ಮೇಲಧಿಕಾರಿಗೆ ಫೋನು ಮಾಡಿ, ಜನರಿಗೆ ಹೇಳುತ್ತೇನೆ ಎಂದೆ. ಅವರು ಒಳ್ಳೆಯವರೇ. “ಏನೆಂದು ಹೇಳುತ್ತೀಯಮ್ಮ? ಹೇಳುವುದಕ್ಕೆ ನಮ್ಮ ಹತ್ತಿರ ಏನಿದೆ?” ಎಂದರು. ಇರುವುದನ್ನೇ ಹೇಳುತ್ತೇನೆ ಎಂದೆ. ಹೇಳಿದರೆ ಕ್ರಮ ಆಗುತ್ತದೆ ಎಂದರು. ಲೈನು ಹೋಯಿತು.

ಮೊದಲು ಸತ್ತೆಮ್ಮನ ಮನೆಗೆ ಹೋದೆ. ಐದು ತಿಂಗಳಲ್ಲಿ ಮೊದಲ ಸಲ ಆ ಬಾಗಿಲು ತಟ್ಟಿದೆ. ಅವಳು ತೆಲುಗಿನವಳು. ಸಿಂಧನೂರಿನ ತೆಲುಗಿನವರ ಕ್ಯಾಂಪುಗಳ ಹುಡುಗಿಯರ ಜೊತೆ ಆಡುತ್ತ ಕಲಿತ ತೆಲುಗು ಅಂದು ಕೆಲಸಕ್ಕೆ ಬಂತು. ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ನೆಲ ಹಿಂದಕ್ಕೆ ಸರಿಯುತ್ತಿದೆ. ಹೀಗಾದಾಗ ಹೆಚ್ಚಾಗಿ ಏನೂ ಆಗುವುದಿಲ್ಲ. ಕೆಲವೊಮ್ಮೆ ಆಗುತ್ತದೆ. ಈ ಸಲ ಯಾವುದು ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.

ಅವಳು ಅಂದಳು: “ಗೊತ್ತಿಲ್ಲ ಅನ್ನುವ ಮಾತನ್ನು ಅವತ್ತೇ ಹೇಳಿದ್ದರೆ ನಾನು ಅವಸರ ಮಾಡುತ್ತಿರಲಿಲ್ಲ. ಮರುದಿನ ಬೆಳಕಿನಲ್ಲಿ, ಕೋಲು ಹಿಡಿದು ಹತ್ತುತ್ತಿದ್ದೆ. ನೀನು ಸಮುದ್ರ ಬಂದೇಬಿಟ್ಟಿತು ಅನ್ನುವ ಹಾಗೆ ಕೂಗಿದೆ.”

ಅಬ್ಬಾ, ಹೇಳಬೇಕೋ ಬೇಡವೋ ಎಂದು ಜೂನ್‌ನಿಂದ ಒದ್ದಾಡಿದೆ. ಹೇಗೆ ಹೇಳಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಂದೇ ಅವಳ ಮಕ್ಕಳು ಅವಳನ್ನು ಮಂಚದ ಸಮೇತ ಮೇಲಿನ ಶಾಲೆಯ ಪಕ್ಕದ ಕೋಣೆಗೆ ಹೊತ್ತೊಯ್ದರು. ನಾನು ಮನೆಮನೆಗೆ ಹೋದೆ. ಒಂದೇ ಮಾತನ್ನು ನಲವತ್ತೊಂದು ಮನೆಗಳಲ್ಲಿ ಹೇಳಿದೆ. ಕೆಲವರು ಬಾಗಿಲು ಹಾಕಿಕೊಂಡರು. ಅಂಗಡಿಯವನು ಈಗಲೂ ನನಗೆ ಬೇಳೆ ಕೊಡುವುದಿಲ್ಲ. ಉಳಿದವರು ಅಕ್ಕಿ, ಔಷಧ ಒಂದು ಗಂಟಿನಲ್ಲಿ ಕಟ್ಟಿ ಗುಡ್ಡದ ಮೇಲಿಟ್ಟು ಬಂದರು. ಮೇಷ್ಟ್ರು ಮಕ್ಕಳಿಗೆ ವಾರಕ್ಕೆರಡು ದಿನ ದಂಡೆಯಿಂದ ಗುಡ್ಡ ಹತ್ತುವ ಆಟ ಹಚ್ಚಿದರು.

ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಕಂಬ ನಿಂತಿತು. ಆಮೇಲೆ ಮೊದಲಿನ ಹಾಗೆ ಈಶಾನ್ಯಕ್ಕೆ ಸರಿಯತೊಡಗಿತು. ಏನೂ ಆಗಲಿಲ್ಲ. ಪಕ್ಕದ ಕಚ್ಚಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದು ಮುಂದೆ ಯಾವಾಗಲೋ ಗೊತ್ತಾಗಬೇಕು, ನನ್ನ ಕಾಲದಲ್ಲಿ ಅಲ್ಲದಿರಬಹುದು.

ಈ ತಿಂಗಳು ಕ್ರಮ ಆಯಿತು. ಅಂಕಿಗಳನ್ನು ನೋಡುವ ನನ್ನ ಹಕ್ಕು ತೆಗೆದರು. ವಿಚಾರಣೆ ಮುಗಿಯುವವರೆಗೆ ದ್ವೀಪ ಬಿಡಕೂಡದು. ಬದಲಿಯೂ ಬಂದಿಲ್ಲ. ಕಂಬದ ಪಕ್ಕದಲ್ಲೇ ಇದ್ದೇನೆ, ಅದು ಹೇಳುವುದು ನನಗೆ ತಿಳಿಯುವುದಿಲ್ಲ. ಸಂಜೆ ಸತ್ತೆಮ್ಮನ ಕೋಣೆಗೆ ಹೋಗಿ ಅವಳ ಕಾಲು ನೀವುತ್ತೇನೆ. ಸುಮ್ಮನೆ ನೀವಿಸಿಕೊಳ್ಳುತ್ತಾಳೆ. ಕ್ಷಮಿಸಿದ್ದೇನೆ ಎಂದು ಹೇಳಿಲ್ಲ, ಬರಬೇಡ ಎಂದೂ ಹೇಳಿಲ್ಲ.

ನಾಗವೇಣಿ ಚಿಕ್ಕಮ್ಮ ಈಗ ಎಲ್ಲಿದ್ದಾಳೆ? ಜವಳಗೇರಾದಲ್ಲೇ ಇದ್ದರೆ ಬಸ್ಸಿಗೆ ಅಷ್ಟೇನೂ ದೂರವಲ್ಲ.

ನಾಹಿದಾ


ಸಿಂಧನೂರು
12 ಡಿಸೆಂಬರ್ 2024

ಬೇಟಿ ನಾಹಿದಾಳಿಗೆ ಅಪ್ಪನ ದುವಾ.

ನಿನ್ನ ಕಡೆಯ ಸಾಲನ್ನು ನಾನು ಒಂದು ತಿಂಗಳು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹೋದ ಭಾನುವಾರ ಹೋಗಿ ಬಂದೆ.

ಬಲಗಿವಿಯ ಹತ್ತಿರ ಕೂಗದ ಹೊರತು ನನಗೆ ಕೇಳಿಸುವುದಿಲ್ಲ. ಒಬ್ಬನೇ ಹೋದರೆ ಅವಳು ಹೇಳಿದ್ದು ತಿಳಿಯುವುದಿಲ್ಲ. ನಿನ್ನ ತಾಯಿಯ ತುಟಿ ನೋಡಿ ಮಾತು ಹಿಡಿಯುವುದು ನನಗೆ ರೂಢಿ, ಹಾಗಾಗಿ ಅವಳನ್ನು ಕರೆದುಕೊಂಡು ಹೋಗಬೇಕಾಯಿತು. ಕರೆದೊಯ್ಯಬೇಕೆಂದರೆ ಮೊದಲು ಅವಳಿಗೆ ಹೇಳಬೇಕು. ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆ. ಬಸ್ಸು ಬಂದಾಗ ನಿನ್ನ ತಾಯಿ ತಾನೇ ಮೊದಲು ಹತ್ತಿ ನನಗೆ ಜಾಗ ಹಿಡಿದಳು.

ಸುಗ್ಗಿ ಮುಗಿದು ಜವಳಗೇರಾದ ರಸ್ತೆಯ ಅರ್ಧ ಭಾಗ ಭತ್ತ ಒಣಹಾಕಿದ್ದರು. ನಾಗವೇಣಿ ಕೆನಾಲಿನ ಏರಿಯ ಮೇಲೆ ಭತ್ತ ಎಳೆಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಅವಳ ಮಗ ಲಕ್ಷ್ಮಣ ರಾಯಚೂರಿನಲ್ಲಿ ನೌಕರಿಗಿದ್ದಾನೆ, ಇವಳು ಅಲ್ಲಿಗೆ ಹೋಗಲೊಲ್ಲಳು. ನಮ್ಮನ್ನು ನೋಡಿ ಭತ್ತ ಎಳೆಯುವ ಹಲುಬೆ ಕೆಳಗಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ನಾನು ಆ ಊರಿಗೆ ಕಾಲಿಟ್ಟಿರಲಿಲ್ಲ.

ಏರಿಯ ಮೇಲೆ ಕೂತೆವು. ನಾನು ಹೇಳಿದೆ. ನನ್ನ ದನಿ ಎಷ್ಟು ಜೋರಾಗಿತ್ತೋ ನನಗೆ ತಿಳಿಯದು. ಆ ಬೆಳಗ್ಗೆ ನನಗೆ ಕೇಳಿಸಿತ್ತು, ನಾನು ಹೇಳಲಿಲ್ಲ. ಅವನು ಕಲ್ಲಿನ ಕೆಳಗಿದ್ದು ಕೇಳಿದಾಗಲೂ ಇಲ್ಲ ಎಂದೆ. ಇಷ್ಟೇ ಹೇಳಿದೆ. ಕಾಲ ಹತ್ತಿರದ ಭತ್ತ ನೋಡುತ್ತ ಕೂತೆ.

ನಾಗವೇಣಿಯ ತುಟಿ ಅಲುಗಿತು. ಮೆಲ್ಲಗೆ ಏನೋ ಅಂದಳು. ನಾನು ನಿನ್ನ ತಾಯಿಯ ಕಡೆ ತಿರುಗಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಏನಂದಳು?” ಎಂದೆ. “ಮಾಸುಂಬಿ, ಏನಂದಳು ಹೇಳು,” ಎಂದು ಮತ್ತೆ ಕೇಳಿದೆ. ತಲೆ ಅಲ್ಲಾಡಿಸಿದಳು.

ಆಗ ನಾಗವೇಣಿ ಎದ್ದು ಬಂದು ನನ್ನ ಬಲಗಿವಿಗೆ ಬಾಯಿ ಹಚ್ಚಿ ಕೂಗಿ ಹೇಳಿದಳು. ರಸ್ತೆಯಲ್ಲಿ ಭತ್ತ ತುಂಬುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಯಾರಿಗೂ ಪಿಸುಮಾತಿನಲ್ಲೂ ಹೇಳದ್ದನ್ನು ಅವಳು ಊರಿಗೆ ಕೇಳುವ ಹಾಗೆ ಕೂಗಬೇಕಾಯಿತು.

“ಅಂವಗೂ ಕೇಳಿಸಿತ್ತು. ಹಿಂದಿನ ದಿನಾನ ಕೇಳಿಸಿತ್ತು. ಮನಿಗೆ ಬಂದು ನನ್ನ ಮುಂದ ಅಂದ. ಬಂಡಿ ಮಾತಾಡಾಕತ್ತೈತಿ ನಾಗವೇಣಿ, ನಾ ಹೆಂಗ ಹೇಳ್ಲಿ, ಬಂದೇಸಾಬನ್ನ ಊರ ಮುಂದ ನಗಿಗೀಡು ಮಾಡಿದಾಂವ ನಾನ. ನಾಳಿಗೆ ಬಂದೇಸಾಬ ಹೇಳ್ತಾನ ನೋಡು. ಅಂವ ಬಾಯಿ ತೆಗಿಲಿ, ಈ ಸರ್ತಿ ನಾ ಅಂವನ ಬಾಜೂಕ ನಿಂದರ್ತೀನಿ. ಹಂಗಂದ. ನಾ ಏನಂದೆ ಗೊತ್ತೈತೇನ್ರಿ? ಅಂವ ಅಂದ್ರ ಆತು, ಇಲ್ಲಂದ್ರ ಕೆಲಸಕ್ಕ ಹತ್ತು, ಅಂದೆ. ರೊಟ್ಟಿ ಕಟ್ಟಿ ಕಳಿಸಿದೆ. ಇಬ್ಬರದೂ ಕಟ್ಟಿದ್ದೆ.”

ಅವಳು ಕೂಗಿ ಸುಸ್ತಾಗಿ ನನ್ನ ಪಕ್ಕದಲ್ಲೇ ಕೂತಳು.

ಬೇಟಿ, ಆ ಬೆಳಗ್ಗೆ ಅವನು ನನ್ನ ಕಡೆ ನೋಡುತ್ತಿದ್ದದ್ದು ನಗುವುದಕ್ಕಲ್ಲ. ನಾನು ಬಾಯಿ ತೆರೆಯಲಿ ಎಂದು ಕಾಯುತ್ತಿದ್ದ. ಕಲ್ಲಿನ ಕೆಳಗೆ ಅವನು ಕೇಳಿದ್ದು ನನ್ನ ತಪ್ಪು ಹಿಡಿಯುವುದಕ್ಕಲ್ಲ. ತನ್ನೊಬ್ಬನಿಗೇ ಕೇಳಿಸಿತ್ತೋ ಏನೋ ಎಂದು ತಿಳಿಯಬೇಕಿತ್ತು. ನಾನು ಇಲ್ಲ ಎಂದೆ. ಹೌದು ಎಂದಿದ್ದರೆ ಕಲ್ಲು ಸರಿಯುತ್ತಿರಲಿಲ್ಲ. ಆದರೆ ಅವನು ಆ ತಪ್ಪಿನೊಳಗೆ ಒಬ್ಬನೇ ಹೋಗುತ್ತಿರಲಿಲ್ಲ.

ಇದನ್ನು ನಾಗವೇಣಿಗೂ ಹೇಳಿಬಿಟ್ಟೆ. ಹೇಳಬಾರದಿತ್ತೋ ಏನೋ. ಅವಳು ಅಳಲಿಲ್ಲ. ಸೆರಗು ಕೊಡವಿ ಸರಿಯಾಗಿ ಕೂತು, ನನ್ನ ಮುಖದ ಎದುರಿಗೆ ಬಂದು, ನನಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದಳು:

“ಒಳಗ ಅಂವ ಏನೇನಂದ, ಎಲ್ಲ ಹೇಳ್ರಿ. ನನಗ ಯಾರೂ ಹೇಳಿಲ್ಲ.”

ಹೇಳಿದೆ. ನೀರು ಕೇಳಿದ್ದು, ಅವಳ ಹೆಸರು ಹೇಳಿದ್ದು, ಕೈ ಎಷ್ಟು ಹೊತ್ತು ಬಿಸಿ ಇತ್ತು ಎಂಬುದು. ನಿನ್ನ ತಾಯಿ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಕೂತಿದ್ದಳು. ಮುಗಿದ ಮೇಲೆ ನಾಗವೇಣಿ ಇನ್ನೊಮ್ಮೆ ಮೊದಲಿನಿಂದ ಹೇಳಿರಿ ಎಂದಳು. ಸಂಜೆಯ ಬಸ್ಸು ಬಂದು ನಿಂತು ಹೋಯಿತು. ನಾವು ಏಳಲಿಲ್ಲ. ಅವಳು ಕೇಳಿದಷ್ಟು ಸಲ ಹೇಳಿದೆ.

ನಿನ್ನ ಅಪ್ಪ
ಬಂದೇಸಾಬ